ಅಳಿಸಿದ್ದು ಎಲ್ಲಿಗೆ ಹೋಯ್ತು? ಕಡತದಿಂದ ಎಕ್ಸೆಲ್‌ವರೆಗೆ ಲೆಕ್ಕದ ಹಾಳೆಯ ಕಥೆ

ಇದು ಈ ವಾರದ ವಿಡಿಯೊದ ಬರಹರೂಪ. ಅಲ್ಲಿ ಸ್ಕ್ರೀನ್ ತೋರಿಸ್ತಾ ಹೇಳಿದ್ದನ್ನ ಇಲ್ಲಿ ಮಾತಿನಲ್ಲೇ ಬಿಡಿಸಿ ಬರೆದಿದ್ದೀನಿ. ಪಕ್ಕದಲ್ಲಿ ಒಂದು ಖಾಲಿ ಶೀಟ್ ತೆರೆದಿಟ್ಕೊಂಡು ಓದಿದ್ರೆ ಇನ್ನೂ ಒಳ್ಳೇದು.

ಎಕ್ಸೆಲ್ ಟಿಪ್ಸ್ ಹೇಳೋ ವಿಡಿಯೊಗಳಿಗೆ ಬರ ಇಲ್ಲ. ಹತ್ತು ಶಾರ್ಟ್‌ಕಟ್, ಇಪ್ಪತ್ತು ಫಾರ್ಮುಲಾ, ಬೇಕಾದಷ್ಟು ಸಿಗತ್ತೆ. ನಾನು ಇವತ್ತು ಬೇರೆ ದಾರಿ ಹಿಡಿದಿದ್ದೀನಿ. ಸ್ಪ್ರೆಡ್‌ಶೀಟಿನಲ್ಲಿ ನಮ್ಮನ್ನ ಪದೇ ಪದೇ ಕಾಡೋ ತಪ್ಪುಗಳ ಹಿಂದೆ ಒಂದೊಂದು ಇತಿಹಾಸ ಇದೆ. ಯಾರೋ, ಯಾವಾಗಲೋ, ಯಾವುದೋ ಕಾರಣಕ್ಕೆ ಮಾಡಿದ ತೀರ್ಮಾನ ಇವತ್ತು ನಮ್ಮ ಶೀಟಿನಲ್ಲಿ ಕೂತಿರತ್ತೆ. ಆ ಕಥೆ ಗೊತ್ತಾದ್ರೆ ಟಿಪ್ ಮರೆಯಲ್ಲ. ಇದು ನನ್ನ ಅನುಭವ.

ಅನುಭವ ಅಂದೆ. ಮೊದಲು ನನ್ನದೇ ತಪ್ಪಿನಿಂದ ಶುರು ಮಾಡ್ತೀನಿ.

ಏಪ್ರಿಲ್ 2021, ಪುಣೆ

ಎರಡನೇ ಅಲೆಯ ದಿನಗಳು. ಪುಣೆಯಲ್ಲಿ ನಾವೊಂದು ಹದಿನೈದು ಜನ ಕನ್ನಡದವರು, ಹೆಚ್ಚಿನವರು ಸಾಫ್ಟ್‌ವೇರ್ ಕೆಲಸದವರೇ, ಸೇರ್ಕೊಂಡು ಒಂದು ಗೂಗಲ್ ಶೀಟ್ ಮಾಡಿದ್ವಿ. ಪ್ಲಾಸ್ಮಾ ಕೊಡೋಕೆ ಒಪ್ಪಿದವರ ಪಟ್ಟಿ. ಹೆಸರು, ಫೋನ್ ನಂಬರು, ರಕ್ತದ ಗುಂಪು, ಏರಿಯಾ, ಕೋವಿಡ್‌ನಿಂದ ಗುಣ ಆದ ತಾರೀಖು. ಮುನ್ನೂರಕ್ಕೂ ಹೆಚ್ಚು ಸಾಲು. ಆಸ್ಪತ್ರೆಯಿಂದ ಯಾರಾದರೂ ಫೋನ್ ಮಾಡಿದ್ರೆ, ಶೀಟ್ ನೋಡಿ ನಾಲ್ಕೈದು ನಂಬರ್ ಕೊಡೋದು ನಮ್ಮ ಕೆಲಸ.

ಒಂದು ರಾತ್ರಿ ಹತ್ತೂವರೆ ಇರಬಹುದು. ಬಿ ಪಾಸಿಟಿವ್ ಇರೋರೆಲ್ಲ ಒಟ್ಟಿಗೆ ಕಾಣಲಿ ಅಂತ ರಕ್ತದ ಗುಂಪಿನ ಕಾಲಂ ಒಂದನ್ನೇ ಸೆಲೆಕ್ಟ್ ಮಾಡಿ ಸಾರ್ಟ್ ಕೊಟ್ಟೆ. ಆ ಕಾಲಂ ಮಾತ್ರ ಸಾರ್ಟ್ ಆಯ್ತು. ಹೆಸರು, ನಂಬರು ಇದ್ದಲ್ಲೇ ಇದ್ವು. ಒಂದೇ ಕ್ಲಿಕ್‌ಗೆ ಹೆಚ್ಚುಕಮ್ಮಿ ಎಲ್ಲರ ರಕ್ತದ ಗುಂಪೂ ಬದಲಾಗಿ ಹೋಯ್ತು. ನೋಡೋಕೆ ಶೀಟ್ ಬಹಳ ಅಚ್ಚುಕಟ್ಟಾಗಿ ಕಾಣ್ತಿತ್ತು.

ಮುಕ್ಕಾಲು ಗಂಟೆ ಆದಮೇಲೆ ಒಬ್ಬ ಹೆಣ್ಣುಮಗಳು ಫೋನ್ ಮಾಡಿದ್ಲು. "ಅಣ್ಣಾ, ನೀವು ಕೊಟ್ಟ ನಾಲ್ಕು ಜನರಲ್ಲಿ ಮೂವರು ನಮ್ಮದು ಆ ಗುಂಪೇ ಅಲ್ಲ ಅಂತಿದಾರೆ, ಇನ್ನೊಬ್ಬರು ಎತ್ತುತ್ತಿಲ್ಲ." ಅವಳ ತಂದೆ ಐಸಿಯುನಲ್ಲಿ ಇದ್ರು. ಆಗ ಶೀಟ್ ತೆರೆದು ನೋಡಿ ನನ್ನ ಕೈಕಾಲು ತಣ್ಣಗಾಯ್ತು. ಯಾಕಂದ್ರೆ ಪಟ್ಟಿಯಲ್ಲಿ ನನ್ನದೇ ಹೆಸರಿನ ಮುಂದೆ ಎ ನೆಗೆಟಿವ್ ಅಂತ ಇತ್ತು. ನನ್ನದು ಓ ಪಾಸಿಟಿವ್.

ಹಳೇ ಆವೃತ್ತಿಗೆ ವಾಪಸ್ ಹೋಗೋ ಸೌಲಭ್ಯ ಗೂಗಲ್ ಶೀಟಿನಲ್ಲಿ ಇದೆ, ಗೊತ್ತಿತ್ತು. ಆದರೆ ಆ ಮುಕ್ಕಾಲು ಗಂಟೆಯಲ್ಲಿ ಬೇರೆಯವರು ಇಪ್ಪತ್ತಾರು ಹೊಸ ಹೆಸರು ಸೇರಿಸಿದ್ರು, ಕೆಲವರನ್ನ "ಈಗಾಗಲೇ ಕೊಟ್ಟಿದ್ದಾರೆ" ಅಂತ ಗುರುತು ಮಾಡಿದ್ರು. ವಾಪಸ್ ಹೋದ್ರೆ ಅದೆಲ್ಲ ಶೀಟಿನಿಂದ ಹೋಗತ್ತೆ. ಹಳೆಯದನ್ನ ಒಂದು ಪ್ರತಿ ತೆಗೆದು, ಹೊಸ ಸಾಲುಗಳನ್ನ ಒಂದೊಂದಾಗಿ ಸೇರಿಸಿ, ಅನುಮಾನ ಇದ್ದವರಿಗೆ ನಡುರಾತ್ರಿ ಫೋನ್ ಮಾಡಿ ಕೇಳಿ, ಎಲ್ಲ ಸರಿ ಮಾಡೋಷ್ಟರಲ್ಲಿ ಎರಡೂವರೆ ಗಂಟೆ. ರಕ್ತನಿಧಿಯಲ್ಲಿ ಹೇಗೂ ಪರೀಕ್ಷೆ ಮಾಡೇ ಮಾಡ್ತಾರೆ, ಹಾಗಾಗಿ ತಪ್ಪು ಗುಂಪಿನ ಪ್ಲಾಸ್ಮಾ ಯಾರ ಮೈಗೂ ಹೋಗ್ತಿರಲಿಲ್ಲ. ಆದರೆ ಆ ಮನೆಯವರ ಮೂರ್ನಾಲ್ಕು ಗಂಟೆ ಹೋಯ್ತು. ಆ ದಿನಗಳಲ್ಲಿ ಮೂರ್ನಾಲ್ಕು ಗಂಟೆ ಅಂದ್ರೆ ಏನು ಅಂತ ನಿಮಗೆ ಹೇಳಬೇಕಿಲ್ಲ. ಮುಂದಿನ ತಿಂಗಳು ಐಸಿಎಂಆರ್ ಪ್ಲಾಸ್ಮಾ ಚಿಕಿತ್ಸೆಯನ್ನೇ ಮಾರ್ಗಸೂಚಿಯಿಂದ ಕೈಬಿಟ್ಟಿತು. ಆದರೆ ಆ ರಾತ್ರಿ ನಮಗೆಲ್ಲ ಅದೇ ದಾರಿ ಅಂತ ಇತ್ತು.

ಎಂ.ಟೆಕ್. ಮಾಡಿದವನು ನಾನು. ಡೇಟಾಬೇಸ್ ಬಗ್ಗೆ ಪರೀಕ್ಷೆ ಬರೆದು ಪಾಸಾದವನು. ಎಲ್ಲಿ ಎಡವಿದೆ ಅಂತ ಯೋಚನೆ ಮಾಡಿದಾಗ ನೆನಪಾಗಿದ್ದು ಯಾವ ಪಠ್ಯಪುಸ್ತಕವೂ ಅಲ್ಲ, ನಮ್ಮಜ್ಜನ ಕಿರ್ದಿ.

ಒರೆಸೋ ಬಟ್ಟೆ, ಒರೆಸಬಾರದ ಪುಸ್ತಕ

ಸ್ವಲ್ಪ ಹಿಂದಕ್ಕೆ ಹೋಗೋಣ. ಸರ್ಕಾರಿ ಕಚೇರಿಯಲ್ಲಿ ಫೈಲಿಗೆ ಕನ್ನಡದಲ್ಲಿ "ಕಡತ" ಅಂತೀವಲ್ಲ, ಆ ಪದ ಎಲ್ಲಿಂದ ಬಂತು? ಕಡತ ಅಂದ್ರೆ ಮೂಲದಲ್ಲಿ ಒಂದು ಬಟ್ಟೆ. ಹತ್ತಿ ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು ಒಣಗಿಸಿದ್ರೆ ಕಪ್ಪು ಹಲಗೆ ಥರ ಆಗತ್ತೆ. ಅದನ್ನ ಮಡಿಕೆ ಮಡಿಕೆಯಾಗಿ ಮಡಚಿ ಪುಸ್ತಕ ಮಾಡ್ಕೊಂಡು, ಬಳಪದಲ್ಲಿ ಬರೀತಿದ್ರು. ನಮ್ಮ ನಾಡಿನ ವ್ಯಾಪಾರಿಗಳು, ಮಠಗಳು ಲೆಕ್ಕಪತ್ರ ಇಟ್ಟಿದ್ದು ಇದರಲ್ಲೇ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇವತ್ತಿಗೂ ದೊಡ್ಡ ಆಕರ.

ಕಡತದ ವಿಶೇಷ ಏನಂದ್ರೆ, ಬರೆದದ್ದನ್ನ ಒರೆಸಿ ಮತ್ತೆ ಬರೀಬಹುದು. ಅದು ಅನುಕೂಲ. ಅದೇ ಅಪಾಯ ಕೂಡ. ಒರೆಸಿದ ಮೇಲೆ ಮೊದಲು ಅಲ್ಲಿ ಏನಿತ್ತು ಅಂತ ಹೇಳೋರು ಯಾರು?

ಕಾಗದದ ಲೆಕ್ಕಪುಸ್ತಕದ ಸ್ವಭಾವ ಇದಕ್ಕೆ ತದ್ವಿರುದ್ಧ. ಲೂಕಾ ಪಾಚೊಲಿ ಅನ್ನೋ ಇಟಲಿಯ ಗಣಿತಜ್ಞ, ವೆನಿಸ್ ವ್ಯಾಪಾರಿಗಳು ಅನುಸರಿಸ್ತಿದ್ದ ಜೋಡಿ ನಮೂದು ಪದ್ಧತಿಯನ್ನ 1494ರಲ್ಲಿ ಅಚ್ಚಾದ ತನ್ನ ಗಣಿತದ ಪುಸ್ತಕದಲ್ಲಿ ವಿವರಿಸಿದ. ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೀಬೇಕು, ಕೊನೆಗೆ ಎರಡೂ ಬದಿ ತಾಳೆ ಆಗಬೇಕು. ಆಗಲಿಲ್ಲ ಅಂದ್ರೆ ಎಲ್ಲೋ ತಪ್ಪಿದೆ ಅಂತ ಪುಸ್ತಕವೇ ಹೇಳತ್ತೆ.

ನಮ್ಮಜ್ಜ ದಾವಣಗೆರೆಯ ಮಂಡಿಯಲ್ಲಿ ಗುಮಾಸ್ತರಾಗಿದ್ರು. ಪಾಚೊಲಿ ಹೆಸರು ಅವರಿಗೆ ಗೊತ್ತಿರಲಿಲ್ಲ. ಆದರೆ ಅವರ ಕಿರ್ದಿಯಲ್ಲಿ ಅದೇ ಶಿಸ್ತು. ಪ್ರತಿ ಪುಟದ ತಲೆಗೆ ಹಿಂದಿನ ಪುಟದ ಮೊತ್ತ, ದಿನದ ಕೊನೆಗೆ ಶಿಲ್ಕು, ಪೆಟ್ಟಿಗೆಯಲ್ಲಿರೋ ದುಡ್ಡಿಗೂ ಶಿಲ್ಕಿಗೂ ತಾಳೆ. ನಾನು ಸಣ್ಣವನಿದ್ದಾಗ ಒಂದು ಸಲ ಅವರ ಪಕ್ಕ ಕೂತು ತಪ್ಪು ಬರೆದು ರಬ್ಬರ್ ತಗೊಂಡೆ. ಕೈ ಹಿಡಿದ್ರು. "ಉಜ್ಜಬ್ಯಾಡೋ ತಮ್ಮಾ. ಗೀಟು ಎಳದು ಮ್ಯಾಲ ಬರಿ. ತಪ್ಪಾಗಿತ್ತು ಅಂತಾನೂ ಕಾಣಬೇಕು."

ಈ ಮಾತನ್ನ ಮನಸ್ಸಲ್ಲಿ ಇಟ್ಕೊಳ್ಳಿ. ಯಾಕಂದ್ರೆ 1979ರಲ್ಲಿ ಲೆಕ್ಕದ ಪುಸ್ತಕ ಮತ್ತೆ ಒರೆಸೋ ಬಟ್ಟೆ ಆಯ್ತು.

ಹಾರ್ವರ್ಡಿನ ಕರಿಹಲಗೆ

"ಸ್ಪ್ರೆಡ್ ಶೀಟ್" ಅನ್ನೋದು ಕಂಪ್ಯೂಟರಿಗಿಂತ ಹಳೇ ಪದ. ಅಕೌಂಟೆಂಟರು ಎದುರುಬದುರು ಪುಟಗಳಲ್ಲಿ ಹರಡಿ ಬರೀತಿದ್ದ ಅಗಲವಾದ ಕಾಲಂ ಹಾಳೆಗೆ ಆ ಹೆಸರು.

1978ರಲ್ಲಿ ಡ್ಯಾನ್ ಬ್ರಿಕ್ಲಿನ್ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಎಂಬಿಎ ಓದ್ತಿದ್ದ. ಅಂಥ ಕ್ಲಾಸುಗಳಲ್ಲಿ ಮೇಷ್ಟ್ರು ಕರಿಹಲಗೆ ಮೇಲೆ ಸಾಲು, ಕಾಲಂ ಹಾಕಿ ಕಂಪನಿಯ ಲೆಕ್ಕ ಬರೀತಾರೆ. ಒಂದು ಅಂಕಿ ಬದಲಾದ್ರೆ ಅದಕ್ಕೆ ಅಂಟಿಕೊಂಡ ಎಲ್ಲಾ ಅಂಕಿಗಳನ್ನೂ ಒರೆಸಿ ಮತ್ತೆ ಬರೀಬೇಕು. ಒಂದನ್ನ ತಿದ್ದಿದ್ರೆ ಉಳಿದದ್ದೆಲ್ಲ ತಾನಾಗೇ ತಿದ್ದಿಕೊಳ್ಳೋ ಹಲಗೆ ಇದ್ದಿದ್ರೆ? ಬ್ರಿಕ್ಲಿನ್‌ಗೆ ಬಂದ ಯೋಚನೆ ಇಷ್ಟೇ. ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಕೋಡ್ ಬರೆದ. 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ "ವಿಸಿಕ್ಯಾಲ್ಕ್" ಮಾರಾಟಕ್ಕೆ ಬಂತು. ಅದರಲ್ಲಿ ಇದ್ದದ್ದು 63 ಕಾಲಂ, 254 ಸಾಲು. ಕಾಲಮ್ಮಿಗೆ ಅಕ್ಷರ, ಸಾಲಿಗೆ ಸಂಖ್ಯೆ ಅನ್ನೋ ಏರ್ಪಾಡನ್ನ ನಾವು ಇವತ್ತಿಗೂ ಬಿಟ್ಟಿಲ್ಲ. ಈ ಒಂದು ಪ್ರೋಗ್ರಾಂಗೋಸ್ಕರ ಜನ ಕಂಪ್ಯೂಟರನ್ನೇ ಕೊಂಡ್ರು.

ಬ್ರಿಕ್ಲಿನ್ ಬಗೆಹರಿಸಿದ್ದು ಒರೆಸಿ ಬರೆಯೋ ಕಷ್ಟವನ್ನ, ಗಮನಿಸಿ. ತಿದ್ದೋದು ಎಷ್ಟು ಸುಲಭ ಆಯ್ತು ಅಂದ್ರೆ ತಿದ್ದಿದ ಗುರುತೂ ಉಳಿಯಲಿಲ್ಲ. ಜೊತೆಗೆ ಇನ್ನೊಂದಾಯ್ತು. ಕರಿಹಲಗೆ ಮೇಲೆ ಲೆಕ್ಕ ಮಾಡೋ ದಾರಿ ಎಲ್ಲರ ಕಣ್ಣೆದುರಿಗೆ ಇರ್ತಿತ್ತು. ಶೀಟಿನಲ್ಲಿ ಕಾಣೋದು ಉತ್ತರ ಮಾತ್ರ, ಲೆಕ್ಕ ಕೆಳಗೆ ಅಡಗಿ ಕೂತಿರತ್ತೆ.

ಇಲ್ಲಿಂದ ಎರಡು ಟಿಪ್ ತಗೊಳ್ಳಿ.

ಒಂದು, ಬೇರೆಯವರು ಕಳಿಸಿದ ಶೀಟ್ ಬಂದ ತಕ್ಷಣ ಕಂಟ್ರೋಲ್ ಕೀ ಒತ್ತಿ ಹಿಡಿದು, ಟ್ಯಾಬ್ ಕೀ ಮೇಲೆ, ಒಂದರ ಎಡಗಡೆ ಇರೋ ಕೀ ಒತ್ತಿ. ಉತ್ತರಗಳು ಹೋಗಿ ಫಾರ್ಮುಲಾಗಳು ಕಾಣ್ತವೆ. ಎಕ್ಸೆಲ್, ಗೂಗಲ್ ಶೀಟ್ಸ್ ಎರಡರಲ್ಲೂ ಆಗತ್ತೆ. ಒಂದು ಕಾಲಮ್ಮಿನಲ್ಲಿ ಎಲ್ಲಾ ಕಡೆ ಫಾರ್ಮುಲಾ ಇದ್ದು ನಡುವೆ ಒಂದು ಸೆಲ್‌ನಲ್ಲಿ ಬರೀ ಅಂಕಿ ಇದ್ರೆ, ಅಲ್ಲಿ ಯಾರೋ ಕೈಯಿಂದ ತುಂಬಿದ್ದಾರೆ. ಮೊದಲು ಅದನ್ನ ಕೇಳಿ.

ಎರಡು, ಬದಲಾಗೋ ಅಂಕಿಯನ್ನ ಫಾರ್ಮುಲಾ ಒಳಗೆ ಹೂಳಬೇಡಿ. ಜಿಎಸ್‌ಟಿ ಶೇಕಡಾ 18 ಅಂದ್ರೆ, 18 ಅನ್ನೋದು ಒಂದು ಬೇರೆ ಸೆಲ್‌ನಲ್ಲಿ ಹೆಸರು ಸಮೇತ ಇರಲಿ, ಫಾರ್ಮುಲಾ ಅದನ್ನ ನೋಡಲಿ. ಕೆಳಗೆ ಎಳೆದಾಗ ಆ ಸೆಲ್ ಜಾರಬಾರದು ಅಂದ್ರೆ ಡಾಲರ್ ಗುರುತು ಹಾಕಿ. ಫಾರ್ಮುಲಾ ಬರೆಯುವಾಗ ಆ ಸೆಲ್ ಹೆಸರಿನ ಮೇಲೆ ಎಫ್4 ಒತ್ತಿದ್ರೆ ಗುರುತು ತಾನಾಗೇ ಬರತ್ತೆ. ವಿಸಿಕ್ಯಾಲ್ಕ್ ಕಾಲದಲ್ಲಿ ಫಾರ್ಮುಲಾ ನಕಲು ಮಾಡಿದಾಗಲೆಲ್ಲ, ಇದು ಜೊತೆಗೆ ಸರಿಯಬೇಕಾ, ಇದ್ದಲ್ಲೇ ಇರಬೇಕಾ ಅಂತ ಪ್ರೋಗ್ರಾಮೇ ಕೇಳ್ತಿತ್ತು. ಈಗಿನವು ಕೇಳಲ್ಲ, ನಾವೇ ಹೇಳಬೇಕು.

ಇಲ್ಲದ ಒಂದು ದಿನ

1983ರ ಜನವರಿಯಲ್ಲಿ ಐಬಿಎಂ ಪಿಸಿಗೆ "ಲೋಟಸ್ 1-2-3" ಬಂತು. ಮಿಚ್ ಕೇಪರ್ ಕಟ್ಟಿದ ಕಂಪನಿ, ಜೊನಾಥನ್ ಸ್ಯಾಕ್ಸ್ ಬರೆದ ಪ್ರೋಗ್ರಾಂ. ವಿಸಿಕ್ಯಾಲ್ಕ್ ಬೇಗ ಮೂಲೆ ಸೇರಿತು.

ಲೋಟಸ್‌ನಲ್ಲಿ ತಾರೀಖು ಅಂದ್ರೆ ಒಳಗೆ ಒಂದು ಸಂಖ್ಯೆ. 1900ರ ಜನವರಿ 1ಕ್ಕೆ 1, ಮರುದಿನಕ್ಕೆ 2, ಹೀಗೆ. ಇದರಿಂದ ಎರಡು ತಾರೀಖಿನ ನಡುವೆ ಎಷ್ಟು ದಿನ ಅನ್ನೋದು ಬರೀ ಕಳೆಯೋ ಲೆಕ್ಕ. ಆದರೆ ಲೋಟಸ್ 1900ನ್ನ ಅಧಿಕ ವರ್ಷ ಅಂತ ಎಣಿಸಿತು. ಶತಮಾನದ ವರ್ಷ 400ರಿಂದ ಭಾಗ ಆದ್ರೆ ಮಾತ್ರ ಅಧಿಕ ವರ್ಷ, ಹಾಗಾಗಿ 1900ರಲ್ಲಿ ಫೆಬ್ರವರಿ 29 ಇರಲೇ ಇಲ್ಲ. ಲೋಟಸ್ ಪ್ರಕಾರ ಇತ್ತು, ಅದು 60ನೇ ದಿನ.

ಮೈಕ್ರೋಸಾಫ್ಟ್ ಎಕ್ಸೆಲ್ 1985ರಲ್ಲಿ ಮ್ಯಾಕಿಂಟಾಷ್‌ಗೆ, 1987ರಲ್ಲಿ ವಿಂಡೋಸ್‌ಗೆ ಬಂತು. ಲೋಟಸ್ ಫೈಲುಗಳು ಎಕ್ಸೆಲ್‌ನಲ್ಲಿ ಸರಿಯಾಗಿ ತೆರೀಬೇಕು, ಇಲ್ಲದಿದ್ರೆ ಗಿರಾಕಿ ಬರಲ್ಲ. ಹಾಗಾಗಿ ಗೊತ್ತಿದ್ದೂ ಆ ತಪ್ಪನ್ನ ಹಾಗೇ ಉಳಿಸಿಕೊಂಡ್ರು. ಇವತ್ತು ಎಕ್ಸೆಲ್ ತೆರೆದು ಒಂದು ಸೆಲ್‌ನಲ್ಲಿ 60 ಬರೆದು ಫಾರ್ಮ್ಯಾಟನ್ನ ತಾರೀಖಿಗೆ ಬದಲಿಸಿ. ಇತಿಹಾಸದಲ್ಲಿ ಇಲ್ಲದ ಆ ದಿನ ಎದುರಿಗೆ ಬಂದು ನಿಲ್ಲತ್ತೆ. ಹಾಗೇ 20760 ಬರೆದು ತಾರೀಖು ಮಾಡಿ. 1956ರ ನವೆಂಬರ್ 1, ನಮ್ಮ ರಾಜ್ಯ ಒಂದಾದ ದಿನ.

ಇದನ್ನ ಬರೀ ತಮಾಷೆಗೆ ಹೇಳ್ತಿಲ್ಲ. ತಾರೀಖು ಒಳಗೆ ಸಂಖ್ಯೆ ಅಂತ ಗೊತ್ತಾದ್ರೆ, ಕಣ್ಣಿಗೆ ಕಾಣೋ ಬರಹವನ್ನ ಶೀಟ್ ಮೊದಲು "ಅರ್ಥ ಮಾಡಿಕೊಂಡು" ಸಂಖ್ಯೆ ಮಾಡತ್ತೆ ಅನ್ನೋದೂ ಗೊತ್ತಾಗತ್ತೆ. ತೊಂದರೆ ಆ ಅರ್ಥ ಮಾಡಿಕೊಳ್ಳೋದರಲ್ಲಿದೆ. ಶೀಟಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ರೆ ನೀವು 5/11 ಅಂತ ಬರೆದ ನವೆಂಬರ್ ಐದು, ಮೇ ಹನ್ನೊಂದು ಆಗತ್ತೆ. 25/11 ಬರೆದ್ರೆ ಇಪ್ಪತ್ತೈದನೇ ತಿಂಗಳು ಇಲ್ಲವಲ್ಲ, ಹಾಗಾಗಿ ಅದು ಅಕ್ಷರವಾಗಿ ಉಳಿಯತ್ತೆ. ಒಂದೇ ಕಾಲಮ್ಮಿನಲ್ಲಿ ಅರ್ಧ ತಪ್ಪು ತಾರೀಖು, ಅರ್ಧ ತಾರೀಖೇ ಅಲ್ಲ.

ಪತ್ತೆ ಹಚ್ಚೋದು ಸುಲಭ. ನೀವಾಗಿ ಅಲೈನ್‌ಮೆಂಟ್ ಬದಲಿಸದೇ ಇದ್ರೆ, ಸಂಖ್ಯೆ ಮತ್ತು ತಾರೀಖು ಸೆಲ್‌ನ ಬಲಕ್ಕೆ ಅಂಟಿಕೊಳ್ತವೆ, ಅಕ್ಷರ ಎಡಕ್ಕೆ. ತಾರೀಖಿನ ಕಾಲಂ ಒಮ್ಮೆ ಮೇಲಿಂದ ಕೆಳಗೆ ನೋಡಿ. ಎಡ ಬಲ ಬೆರೆತಿದ್ರೆ ಮುಂದೆ ಹೋಗಬೇಡಿ. ಶೀಟಿನ ಲೊಕೇಲ್ ಭಾರತಕ್ಕೆ ಇಡಿ. ನಾಲ್ಕು ಜನ ಸೇರಿ ತುಂಬೋ ಶೀಟ್ ಆದ್ರೆ 2020-11-05 ಅಂತ ವರ್ಷ, ತಿಂಗಳು, ದಿನದ ಕ್ರಮ ಗೊತ್ತು ಮಾಡಿ. ಅದನ್ನ ಎರಡು ಥರ ಓದೋ ಅವಕಾಶ ಕಮ್ಮಿ.

ಕ್ಯಾಲೆಂಡರಿಗೆ ಸಿಕ್ಕಿಬಿದ್ದ ಜೀನುಗಳು

ಶೀಟ್ ತಾನಾಗೇ ಅರ್ಥ ಮಾಡಿಕೊಳ್ಳೋಕೆ ಹೋಗಿ ಮಾಡಿದ ದೊಡ್ಡ ಎಡವಟ್ಟು ವಿಜ್ಞಾನದಲ್ಲಿ ನಡೀತು. ಮನುಷ್ಯನ ಜೀನುಗಳಿಗೆ ವಿಜ್ಞಾನಿಗಳು ಚುಟುಕು ಹೆಸರು ಇಡ್ತಾರೆ. ಸೆಪ್ಟಿನ್ ಅನ್ನೋ ಗುಂಪಿನ ಒಂದು ಜೀನಿಗೆ "ಸೆಪ್ಟ್2" ಅಂತ, ಇನ್ನೊಂದು ಗುಂಪಿನದಕ್ಕೆ "ಮಾರ್ಚ್1" ಅಂತ ಹೆಸರಿತ್ತು. ಎಕ್ಸೆಲ್‌ಗೆ ಹಾಕಿದ್ರೆ ಏನಾಗತ್ತೆ? ಸೆಪ್ಟೆಂಬರ್ 2, ಮಾರ್ಚ್ 1. ಮೂಲ ಬರಹ ಹೋಗಿ ಒಳಗೆ ತಾರೀಖಿನ ಸಂಖ್ಯೆ ಕೂರತ್ತೆ. ಆಮೇಲೆ ಫಾರ್ಮ್ಯಾಟ್ ಬದಲಿಸಿದ್ರೂ ಜೀನಿನ ಹೆಸರು ವಾಪಸ್ ಬರಲ್ಲ.

2004ರಲ್ಲೇ ಕೆಲವು ಸಂಶೋಧಕರು ಇದನ್ನ ಬರೆದು ಎಚ್ಚರಿಸಿದ್ರು. 2016ರಲ್ಲಿ ಇನ್ನೊಂದು ತಂಡ ಪ್ರಮುಖ ಪತ್ರಿಕೆಗಳ ಜೀನ್ ಪಟ್ಟಿಗಳನ್ನ ಜಾಲಾಡಿದಾಗ, ಎಕ್ಸೆಲ್ ಪಟ್ಟಿ ಲಗತ್ತಿಸಿದ್ದ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಈ ಥರದ ತಪ್ಪು ಸಿಕ್ಕಿತು. ಕೊನೆಗೆ 2020ರಲ್ಲಿ ಜೀನುಗಳಿಗೆ ಹೆಸರಿಡೋ ಸಮಿತಿ ಜೀನುಗಳ ಹೆಸರನ್ನೇ ಬದಲಾಯಿಸಿತು! ಆ ತಾನಾಗೇ ಬದಲಿಸೋ ಚಾಳಿಯನ್ನ ನಿಲ್ಲಿಸೋ ಆಯ್ಕೆಯನ್ನ ಮೈಕ್ರೋಸಾಫ್ಟ್ ಎಕ್ಸೆಲ್‌ಗೆ ಸೇರಿಸಿದ್ದು 2023ರಲ್ಲಿ.

ನಮಗೆ ಜೀನ್ ಪಟ್ಟಿ ಇರಲ್ಲ, ಆದರೆ ಇದೇ ಗುಂಡಿಗೆ ನಾವೂ ಬೀಳ್ತೀವಿ. ಸೊನ್ನೆಯಿಂದ ಶುರುವಾಗೋ ಎಸ್‌ಟಿಡಿ ಕೋಡ್ ಬರೆದ್ರೆ ಸೊನ್ನೆ ಮಾಯ. ಫ್ಲ್ಯಾಟ್ ನಂಬರ್ 3-12 ಬರೆದ್ರೆ ತಾರೀಖು. ಇನ್ನೂ ಅಪಾಯದ್ದು ಬ್ಯಾಂಕ್ ಖಾತೆ ನಂಬರು. ಎಕ್ಸೆಲ್ ಒಂದು ಸಂಖ್ಯೆಯಲ್ಲಿ ಮೊದಲ 15 ಅಂಕಿಗಳನ್ನ ಮಾತ್ರ ಸರಿಯಾಗಿ ಇಟ್ಕೊಳ್ಳತ್ತೆ, ಉಳಿದವು ಸೊನ್ನೆ. 16 ಅಂಕಿಯ ಖಾತೆ ನಂಬರನ್ನ ಸಂಖ್ಯೆಯಾಗಿ ತುಂಬಿದ್ರೆ ಕೊನೇ ಅಂಕಿ ಸದ್ದಿಲ್ಲದೆ ಸೊನ್ನೆ ಆಗತ್ತೆ. ಅದಕ್ಕೇ ಕೂಡಿಸಿ ಕಳೆಯೋ ಕೆಲಸ ಇಲ್ಲದ ಯಾವ ನಂಬರೂ ಸಂಖ್ಯೆ ಅಲ್ಲ ಅಂತ ತಿಳ್ಕೊಳ್ಳಿ. ಫೋನು, ಪಿನ್‌ಕೋಡು, ಖಾತೆ, ಮನೆ ನಂಬರು, ಎಲ್ಲ ಬರೀ ಹೆಸರುಗಳು. ತುಂಬೋ ಮೊದಲೇ ಆ ಕಾಲಮ್ಮನ್ನ ಟೆಕ್ಸ್ಟ್ ಮಾಡಿ. ತುಂಬಿದ ಮೇಲೆ ಮಾಡಿದ್ರೆ ಹೋದದ್ದು ಬರಲ್ಲ.

ಐದು ಸಾಲು ಬಿಟ್ಟುಹೋದ ಸರಾಸರಿ

2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೋಗಾಫ್ ಅನ್ನೋ ಇಬ್ಬರು ಹೆಸರುವಾಸಿ ಅರ್ಥಶಾಸ್ತ್ರಜ್ಞರು ಒಂದು ಪ್ರಬಂಧ ಪ್ರಕಟಿಸಿದ್ರು. ಸರ್ಕಾರದ ಸಾಲ ದೇಶದ ಜಿಡಿಪಿಯ ಶೇಕಡಾ 90 ದಾಟಿದ್ರೆ ಬೆಳವಣಿಗೆ ಕುಸಿಯತ್ತೆ, ಸರಾಸರಿ ಸೊನ್ನೆಗಿಂತ ಕೆಳಗೆ, ಮೈನಸ್ 0.1ಕ್ಕೆ ಹೋಗತ್ತೆ ಅಂತ. ಯುರೋಪು, ಅಮೆರಿಕದಲ್ಲಿ ಸರ್ಕಾರಿ ಖರ್ಚು ಕಡಿತ ಮಾಡಬೇಕು ಅನ್ನೋ ರಾಜಕಾರಣಿಗಳು ಇದನ್ನ ಮುಂದಿಟ್ಟು ವಾದ ಮಾಡಿದ್ರು.

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕ್ಯಾಂಪಸ್ಸಿನಲ್ಲಿ ಥಾಮಸ್ ಹರ್ನ್‌ಡನ್ ಅನ್ನೋ ಸಂಶೋಧನಾ ವಿದ್ಯಾರ್ಥಿಗೆ ಕ್ಲಾಸಿನ ಕೆಲಸ ಅಂತ ಒಂದು ಪ್ರಬಂಧದ ಲೆಕ್ಕ ಮತ್ತೆ ಮಾಡಿ ನೋಡು ಅಂದಿದ್ರು. ಅವನು ಇದನ್ನ ಆರಿಸಿಕೊಂಡ. ಎಷ್ಟು ಸಲ ಮಾಡಿದ್ರೂ ತಾಳೆ ಆಗಲಿಲ್ಲ. ಕೊನೆಗೆ ಲೇಖಕರಿಗೇ ಬರೆದು ಶೀಟ್ ಕೇಳಿದ. ಅವರು ಕಳಿಸಿಕೊಟ್ರು. ತೆರೆದು ನೋಡಿದ್ರೆ ಸರಾಸರಿಯ ಫಾರ್ಮುಲಾ 30ನೇ ಸಾಲಿಂದ 49ರವರೆಗೆ ಹೋಗೋ ಬದಲು 44ಕ್ಕೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್, ಐದು ದೇಶ ಲೆಕ್ಕಕ್ಕೇ ಬಂದಿರಲಿಲ್ಲ.

2013ರಲ್ಲಿ ಹರ್ನ್‌ಡನ್ ತನ್ನ ಅಧ್ಯಾಪಕರಾದ ಮೈಕಲ್ ಆಷ್, ರಾಬರ್ಟ್ ಪಾಲಿನ್ ಜೊತೆ ಬರೆದ ಪ್ರಬಂಧದ ಪ್ರಕಾರ ಆ ಸರಾಸರಿ ಪ್ಲಸ್ 2.2. ನ್ಯಾಯವಾಗಿ ಹೇಳಬೇಕು ಅಂದ್ರೆ ಇಷ್ಟೂ ವ್ಯತ್ಯಾಸ ಫಾರ್ಮುಲಾ ಒಂದರಿಂದ ಬಂದದ್ದಲ್ಲ. ಕೆಲವು ದೇಶಗಳ ಕೆಲವು ವರ್ಷ ಬಿಟ್ಟಿದ್ದು, ಯಾವುದಕ್ಕೆ ಎಷ್ಟು ತೂಕ ಕೊಟ್ಟಿದ್ದು, ಅವುಗಳ ಪಾಲೇ ಹೆಚ್ಚು. ಮೂಲ ಲೇಖಕರು ಎಕ್ಸೆಲ್ ತಪ್ಪನ್ನ ಒಪ್ಪಿಕೊಂಡ್ರು, ಸಾಲ ಹೆಚ್ಚಾದ್ರೆ ಬೆಳವಣಿಗೆ ಕಮ್ಮಿ ಅನ್ನೋ ವಾದ ಬಿಡಲಿಲ್ಲ. ಆದರೆ ಶೀಟ್ ತೆರೆದು ನೋಡೋವರೆಗೆ, ಮೂರು ವರ್ಷ, ಯಾವ ತಪ್ಪೂ ಹೊರಗೆ ಬರಲಿಲ್ಲ.

ಇದಕ್ಕೆ ಮದ್ದು ಎರಡಿದೆ. ಎಕ್ಸೆಲ್‌ನಲ್ಲಿ ದತ್ತಾಂಶದ ಮೇಲೆ ಕಂಟ್ರೋಲ್-ಟಿ ಒತ್ತಿ ಟೇಬಲ್ ಮಾಡಿ. ಆಗ ಫಾರ್ಮುಲಾಗೆ "ಇಷ್ಟನೇ ಸಾಲಿಂದ ಇಷ್ಟನೇ ಸಾಲು" ಅಂತ ಹೇಳಬೇಕಿಲ್ಲ, ಕಾಲಮ್ಮಿನ ಹೆಸರು ಸಾಕು. ಹೊಸ ಸಾಲು ಸೇರಿದ್ರೆ ತಾನೇ ಲೆಕ್ಕಕ್ಕೆ ಬರತ್ತೆ. ಎರಡನೇದು, ಪ್ರತಿ ಸರಾಸರಿ, ಪ್ರತಿ ಮೊತ್ತದ ಪಕ್ಕದಲ್ಲಿ ಕೌಂಟ್ ಕೂಡ ಬರೀರಿ. ಇಪ್ಪತ್ತು ದೇಶ ಇರಬೇಕಾದಲ್ಲಿ ಹದಿನೈದು ಅಂತ ಕಂಡ್ರೆ ಶಾಲೆ ಹುಡುಗನೂ ಕೇಳ್ತಾನೆ.

ಹಾಳೆ ತುಂಬಿದಾಗ

2020ರ ಅಕ್ಟೋಬರ್ ಶುರುವಿನಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ ಒಂದು ತಪ್ಪು ಒಪ್ಪಿಕೊಂಡಿತು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಕೋವಿಡ್ ಪ್ರಕರಣಗಳು ದೈನಿಕ ಲೆಕ್ಕಕ್ಕೆ ಬಂದೇ ಇರಲಿಲ್ಲ. ಲ್ಯಾಬ್‌ಗಳಿಂದ ಬಂದ ಫೈಲನ್ನ ಎಕ್ಸೆಲ್‌ನ ಹಳೇ ಮಾದರಿಯ ಫೈಲಿಗೆ ಎಳ್ಕೊಳ್ತಿದ್ರು. ಆ ಹಳೇ ಮಾದರಿಯಲ್ಲಿ ಇರೋದು 65,536 ಸಾಲು ಮಾತ್ರ, ಅಂದ್ರೆ ಎರಡರ ಹದಿನಾರನೇ ಘಾತ. ಒಬ್ಬ ರೋಗಿಗೆ ಹಲವು ಸಾಲು ಹಿಡಿತಿತ್ತು. ಹಾಳೆ ತುಂಬಿತು, ಮುಂದಿನವು ಬಿದ್ದುಹೋದವು. ಸೋಂಕು ಇದ್ದವರಿಗೆ ಅವರ ಫಲಿತಾಂಶ ಹೋಗಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದವರನ್ನ ಹುಡುಕೋ ಕೆಲಸ ದಿನಗಟ್ಟಲೆ ತಡ ಆಯ್ತು.

2007ರಿಂದಲೇ ಎಕ್ಸೆಲ್‌ನ ಹೊಸ ಮಾದರಿಯಲ್ಲಿ 10,48,576 ಸಾಲು ಇವೆ. ಹದಿಮೂರು ವರ್ಷ ಹಳೇ ಮಿತಿ ಅದು. ಬಳಕೆಯಲ್ಲಿ ಉಳಿದಿತ್ತು, ಅಷ್ಟೇ.

ಅಜ್ಜ ಇದ್ದಿದ್ರೆ ಕೇಳ್ತಿದ್ದ ಪ್ರಶ್ನೆ ಒಂದೇ: ಬಂದದ್ದು ಎಷ್ಟು, ಬರೆದದ್ದು ಎಷ್ಟು? ಮಂಡಿಗೆ ಬಂದ ಚೀಲ ನೂರು ಇದ್ರೆ ಪುಸ್ತಕದಲ್ಲಿ ನೂರು ಇರಬೇಕು. ಒಂದು ಕಡೆಯಿಂದ ಇನ್ನೊಂದು ಕಡೆಗೆ ದತ್ತಾಂಶ ಸಾಗಿಸಿದಾಗಲೆಲ್ಲ ಎರಡು ಬದಿಯ ಸಾಲುಗಳ ಸಂಖ್ಯೆ, ಯಾವುದಾದರೂ ಒಂದು ಕಾಲಮ್ಮಿನ ಮೊತ್ತ, ಇವೆರಡು ತಾಳೆ ನೋಡಿ. ಅರ್ಧ ನಿಮಿಷದ ಕೆಲಸ. ಹಾಗೇ ನಿಮ್ಮ ಹತ್ತಿರ ಇನ್ನೂ ಎಕ್ಸ್ಎಲ್ಎಸ್ ಅಂತ ಮುಗಿಯೋ ಫೈಲುಗಳಿದ್ರೆ ಕೊನೆಗೆ ಇನ್ನೊಂದು ಎಕ್ಸ್ ಇರೋ ಹೊಸ ಮಾದರಿಗೆ ಸೇವ್ ಮಾಡಿ.

ನಮ್ಮ ಭಾಷೆಯ ಸಾಲುಗಳು

ಹೊರನಾಡಿನಲ್ಲಿರೋ ನಮಗೆ ಇನ್ನೊಂದು ಪಾಡಿದೆ. ಕನ್ನಡ ಸಂಘದ ಸದಸ್ಯರ ಪಟ್ಟಿ, ಗ್ರಂಥಾಲಯದ ಪುಸ್ತಕದ ಪಟ್ಟಿ ಕನ್ನಡದಲ್ಲಿ ಇರತ್ತೆ. ಹಳೇ ಪಟ್ಟಿಗಳು ನುಡಿ ಅಥವಾ ಬರಹದಲ್ಲಿ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಆಗಿರ್ತವೆ. ಅಲ್ಲಿ ಕಾಣೋದು ಕನ್ನಡ, ಆದರೆ ಒಳಗೆ ಕೂತಿರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದ್ರೆ ಕಸದ ಥರ ಕಾಣತ್ತೆ, ಅಕಾರಾದಿ ಕ್ರಮಕ್ಕೆ ಸಾರ್ಟ್ ಆಗಲ್ಲ. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗ ಇತ್ತು. ನಮ್ಮ ಫೈಲುಗಳು ಅಲ್ಲಿಗೆ ಹೋಗೋದು ತಡ ಆಯ್ತು. ಪರಿವರ್ತಕ ಬಳಸಿ ಒಮ್ಮೆ ಯೂನಿಕೋಡ್ ಮಾಡಿಬಿಡಿ. ಮೂಲ ಫೈಲನ್ನ ಎಸೀಬೇಡಿ, ಒತ್ತಕ್ಷರ, ಅರ್ಕಾವೊತ್ತುಗಳನ್ನ ಕಣ್ಣಲ್ಲಿ ತಾಳೆ ನೋಡಬೇಕಾಗತ್ತೆ.

ಯೂನಿಕೋಡ್ ಇರೋ ಸಿಎಸ್‌ವಿ ಫೈಲನ್ನೂ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದ್ರೆ ಕೆಲವು ಸಲ ಕನ್ನಡ ಕೆಡತ್ತೆ. ಗಾಬರಿಯಾಗಿ ಸೇವ್ ಮಾಡಬೇಡಿ, ಮಾಡಿದ್ರೆ ನಿಜವಾಗಲೂ ಕೆಡತ್ತೆ. ಮುಚ್ಚಿ, ಖಾಲಿ ಶೀಟ್ ತೆರೆದು, ಡೇಟಾ ಮೆನುವಿನಿಂದ ಟೆಕ್ಸ್ಟ್ ಅಥವಾ ಸಿಎಸ್‌ವಿ ಆಮದು ಆರಿಸಿ, ಫೈಲಿನ ಎನ್‌ಕೋಡಿಂಗ್ ಯುಟಿಎಫ್-8 ಅಂತ ಹೇಳಿ. ಕನ್ನಡ ಸರಿಯಾಗಿ ಬರತ್ತೆ.

ಈಗ ನಾನು ಏನು ಮಾಡ್ತೀನಿ

ಆ ಏಪ್ರಿಲ್ ರಾತ್ರಿ ಆದಮೇಲೆ ಯಾವುದೇ ಶೀಟಿಗೆ, ಸಂಘದ ವಂತಿಗೆ ಪಟ್ಟಿ ಇರಲಿ, ಆಫೀಸಿನದಿರಲಿ, ನಾಲ್ಕು ಕೆಲಸ ತಪ್ಪಿಸಲ್ಲ.

ಬಂದ ದತ್ತಾಂಶ ಹಾಗೇ ಒಂದು ಟ್ಯಾಬಿನಲ್ಲಿ ಇರತ್ತೆ. ಅದಕ್ಕೆ "ಮೂಲ" ಅಂತ ಹೆಸರು, ಯಾರೂ ಮುಟ್ಟದ ಹಾಗೆ ಬೀಗ. ಕೆಲಸವೆಲ್ಲ ನಕಲಿನ ಮೇಲೆ.

ಮೊದಲ ಕಾಲಂ ಯಾವಾಗಲೂ ಕ್ರಮಸಂಖ್ಯೆ. ಫಾರ್ಮುಲಾ ಅಲ್ಲ, ಬರೆದ ಸಂಖ್ಯೆ. ಸಾಲುಗಳು ಹೇಗೆ ಕಲಸಿದ್ರೂ ಅದರ ಮೇಲೆ ಸಾರ್ಟ್ ಮಾಡಿ ಮೊದಲಿನ ಕ್ರಮಕ್ಕೆ ಬರಬಹುದು. ಒಂದೇ ಕಾಲಂ ಕದಲಿಸಿದ ತಪ್ಪಿಗೆ ಇದು ಮದ್ದಲ್ಲ, ಅದಕ್ಕೇ "ಮೂಲ" ಇರೋದು.

ಬರೀ ನೋಡೋಕೆ ಆದ್ರೆ ಸಾರ್ಟ್ ಮಾಡಲ್ಲ, ಫಿಲ್ಟರ್ ವ್ಯೂ ಹಾಕ್ತೀನಿ. ಗೂಗಲ್ ಶೀಟ್ಸ್‌ನಲ್ಲಿ ಅದು ನನ್ನ ಕಣ್ಣಿಗೆ ಮಾತ್ರ ಕ್ರಮ ಬದಲಿಸತ್ತೆ, ಬೇರೆಯವರ ಶೀಟ್ ಕದಲಲ್ಲ. ಅವತ್ತು ನನಗೆ ಬೇಕಿದ್ದದ್ದು ಇಷ್ಟೇ.

ಕೊನೇದು, ಏನು ತಿದ್ದಿದ್ರೂ ಒಂದು ಟ್ಯಾಬಿನಲ್ಲಿ ತಾರೀಖು, ಹೆಸರು, ಏನಿತ್ತು, ಏನಾಯ್ತು, ಯಾಕೆ ಅಂತ ಒಂದು ಸಾಲು. ಆ ಟ್ಯಾಬಿಗೆ ನಮ್ಮ ಗುಂಪಿನಲ್ಲಿ "ಗೀಟು" ಅಂತಲೇ ಹೆಸರು.

ಆ ಹೆಣ್ಣುಮಗಳ ವಿಷಯ ಹೇಳಲಿಲ್ಲ. ಬೆಳಗ್ಗೆ ಆರರ ಹೊತ್ತಿಗೆ ಸರಿಯಾದ ಗುಂಪಿನ ಒಬ್ಬರು ಸಿಕ್ಕಿದ್ರು, ಅವರೇ ಸ್ಕೂಟರಿನಲ್ಲಿ ಆಸ್ಪತ್ರೆಗೆ ಹೋದ್ರು. ತಂದೆ ಹದಿನೆಂಟು ದಿನ ಆದಮೇಲೆ ಮನೆಗೆ ಬಂದ್ರು ಅಂತ ಮೆಸೇಜ್ ಬಂತು. ಆ ಪ್ಲಾಸ್ಮಾದಿಂದಲೇ ಬಂದ್ರು ಅಂತ ನಾನು ಹೇಳಲ್ಲ. ಮೂರ್ನಾಲ್ಕು ಗಂಟೆ ತಡ ಆಗಿದ್ದು ಯಾಕೆ ಅಂತ ಅವರಿಗೆ ಆಮೇಲೆ ಫೋನ್ ಮಾಡಿ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, "ಹೇಳಿದ್ದು ಒಳ್ಳೇದಾಯ್ತು ಬಿಡಿ ಅಣ್ಣಾ" ಅಂದ್ಲು.

ಆ ಹಳೇ ಶೀಟ್ ಇನ್ನೂ ಇಟ್ಟಿದ್ದೀನಿ. ಜನರ ನಂಬರುಗಳನ್ನೆಲ್ಲ ತೆಗೆದಿದ್ದೀವಿ. "ಗೀಟು" ಟ್ಯಾಬ್ ಮಾತ್ರ ಹಾಗೇ ಇದೆ. ಅದರ ಮೊದಲ ಸಾಲಿನಲ್ಲಿ ಇರೋದು ನನ್ನ ಹೆಸರು, ನನ್ನ ತಪ್ಪು.

ನೀವೂ ನಿಮ್ಮ ಒಂದು ಶೀಟ್ ತೆರೆದು ಇವತ್ತು ಕ್ರಮಸಂಖ್ಯೆಯ ಕಾಲಂ ಸೇರಿಸಿ. ಉಳಿದದ್ದು ನಾಳೆ ನೋಡ್ಕೊಳ್ಳೋಣ. ಮುಂದಿನ ಮಾತಿನಲ್ಲಿ ಸಿಗ್ತೀನಿ.